ಖತೀಜಾಬಿಯ ನೊಣದೆಣ್ಣೆ

ಬೀರೂರು ಸ್ಟೇಷನ್ನಿನ ಮುಂದೆ ಜಟಕಾ ಕಟ್ಟುವವರಿಗೆಲ್ಲ, ಕುದುರೆಯ ಮೈಮೇಲೆ ನೊಣ ಕೂರದ ಹಾಗೆ ಹಚ್ಚುವ ನೊಣದೆಣ್ಣೆ ಅಂದರೆ ಖತೀಜಾಬಿಯದೇ ಆಗಬೇಕಿತ್ತು. ತರೀಕೆರೆಯಿಂದ ಮದುವೆಯಾಗಿ ಬಂದಾಗ ಅವಳಿಗೆ ಹದಿನಾಲ್ಕು ವರ್ಷ. ಕುದುರೆ ಕೆನೆದರೆ ಬಾಗಿಲ ಹಿಂದೆ ಅವಿತುಕೊಳ್ಳುತ್ತಿದ್ದಳು. ಆ ಭಯ ಬಿಡಿಸಿದವರು ಅವಳ ಮಾವ. ಎದುರಿಗೆ ಕೂರಿಸಿಕೊಂಡು ಎಣ್ಣೆ ಕಾಯಿಸುವುದನ್ನು ಕಲಿಸಿದರು. ಹೊಂಗೆಣ್ಣೆಗೆ ಅರ್ಧದಷ್ಟು ಬೇವಿನೆಣ್ಣೆ, ಕುಟ್ಟಿದ ಬಜೆ ಒಂದು ಹಿಡಿ, ಬೆಳ್ಳುಳ್ಳಿ ನಾಲ್ಕು ಗಡ್ಡೆ. ಸಣ್ಣ ಉರಿಯಲ್ಲಿ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಬೇಕು. ಮಾವ ತೀರಿಹೋದ ಮೇಲೆ ಆ ಕೆಲಸ ಪೂರ್ತಿ ಅವಳ ಪಾಲಿಗೆ ಬಂತು. ಮಕ್ಕಳಿಲ್ಲದ ಮನೆ. ಗಂಡ ಹುಸೇನ್ ಸಾಬ್, ಅವನ ಬಿಳೀ ಹೆಣ್ಣುಕುದುರೆ ಶಕ್ಕರ್, ಒಲೆಯ ಮೇಲೆ ಎಣ್ಣೆಯ ಮಡಕೆ. ಅವಳ ಸಂಸಾರ ಇಷ್ಟೇ.

ದೊಡ್ಡ ಯುದ್ಧ ಮುಗಿದ ಮಾರನೇ ವರ್ಷ ಅಜ್ಜಂಪುರದ ಕಡೆಯಿಂದ ಅಮೃತಮಹಲ್ ದನಗಳ ಹಿಂಡನ್ನು ಎಮ್ಮೆದೊಡ್ಡಿ ಕಾವಲಿಗೆ ಮೇಯಲು ಹೊಡೆದುಕೊಂಡು ಹೋದರು. ದಾರಿಯಲ್ಲಿ ಬೀರೂರಿನ ಕೆರೆ ಹತ್ತಿರ ಎರಡು ದಿನ ತಂಗಿದ್ದರು. ದನ ಹೋದವು, ನೊಣ ಉಳಿದವು. ಸೂಜಿ ಚುಚ್ಚಿದ ಹಾಗೆ ಕಚ್ಚುವ ನೊಣ. ಕುದುರೆಗಳು ನಿಂತಲ್ಲಿ ನಿಲ್ಲವು, ಮೈಯೆಲ್ಲ ಅದುರಿಸುತ್ತಿದ್ದವು.

ಎಣ್ಣೆ ಒಯ್ಯಲು ಬಾಗಿಲಾಚೆ ಬಂದು ನಿಂತ ಜಟಕಾದವರಲ್ಲಿ ಅಬ್ದುಲ್ ವಹಾಬನಿಗೆ ನಾಲಿಗೆ ಸ್ವಲ್ಪ ಉದ್ದ.

"ಭಾಬಿ, ನಿಮ್ಮ ಎಣ್ಣೆ ಹಚ್ಚಿದ ಮೇಲೆ ನೊಣ ಜಾಸ್ತಿ ಬರ್ತಾವೆ. ಬೆಳ್ಳುಳ್ಳಿ ಒಗ್ಗರಣೆ ಹಾಕಿ ಊಟಕ್ಕೆ ಕರೆದ ಹಾಗಾಯ್ತಲ್ಲ" ಅಂದ.

ಎಲ್ಲರೂ ನಕ್ಕರು. ಹುಸೇನ್ ಸಾಬನೂ ನಕ್ಕ. ಅವಳಿಗೆ ನಾಟಿದ್ದು ಗಂಡನ ನಗು.

ಮನೆಯಲ್ಲಿ ಒಂದು ಡಬ್ಬಿಯಲ್ಲಿ ಕರಿಗೇರಿನ ಬೀಜ ಇದ್ದವು. ಅಗಸರು ಬಟ್ಟೆಗೆ ಗುರುತು ಹಾಕುವ ಬೀಜ. ಸೂಜಿಗೆ ಚುಚ್ಚಿ ದೀಪಕ್ಕೆ ಹಿಡಿದರೆ ಕಪ್ಪಗೆ ರಸ ತೊಟ್ಟಿಕ್ಕುತ್ತದೆ. ಗೊರಸು ಸೀಳಿದಾಗ ಮಾವ ಅದನ್ನು ಹಚ್ಚುತ್ತಿದ್ದದ್ದನ್ನು ಅವಳು ನೋಡಿದ್ದಳು. ಗೊರಸಿಗೆ ಮಾತ್ರ ಕಣಮ್ಮ, ಮೈಗೆ ಸೋಕಿಸಬೇಡ ಅಂತ ಅವರು ಹೇಳಿದ್ದರೋ ಇಲ್ಲವೋ, ಆಮೇಲೆ ಎಷ್ಟು ನೆನೆಸಿಕೊಂಡರೂ ಅವಳಿಗೆ ನೆನಪಾಗಲಿಲ್ಲ. ಒಂದು ಚಮಚದಷ್ಟು ರಸ ಸ್ವಲ್ಪ ಎಣ್ಣೆಗೆ ಸೇರಿಸಿದಳು. ಊರವರಿಗೆ ಕೊಡುವ ಮುಂಚೆ ನಮ್ಮ ಕುದುರೆಗೇ ಹಚ್ಚಿ ನೋಡೋಣ ಅಂತ ಬೇರೆ ಕುಡಿಕೆಗೆ ಬಗ್ಗಿಸಿ, ಕೋಲಿಗೆ ಬಟ್ಟೆ ಸುತ್ತಿ, ಶಕ್ಕರಿನ ಕುತ್ತಿಗೆಗೂ ಹೊಟ್ಟೆಗೂ ಎಳೆದಳು. ಈ ಸಂಗತಿಯನ್ನು ಗಂಡನಿಗೂ ಹೇಳಲಿಲ್ಲ. ನೊಣ ಹೋದ ಮೇಲೆ ಹೇಳಿದರಾಯಿತು ಅಂದುಕೊಂಡಳು.

ಮೂರನೇ ದಿನ ಕುದುರೆಯ ಮೈಮೇಲೆ ದದ್ದು ಎದ್ದವು.

"ನೊಣ ಕಚ್ಚಿರೋದು ಕಣೇ, ಇನ್ನಷ್ಟು ಎಣ್ಣೆ ಬಳಿ" ಅಂದ ಹುಸೇನ್ ಸಾಬ್.

ಅವಳೂ ಹಾಗೇ ತಿಳಿದು ಇನ್ನಷ್ಟು ಬಳಿದಳು. ದದ್ದು ಹೆಚ್ಚಾದಷ್ಟೂ ಎಣ್ಣೆ ಹೆಚ್ಚು ಮಾಡಿದಳು. ಚರ್ಮ ನೀರೊಡೆಯಿತು, ಕೂದಲು ಉದುರಿತು. ಶಕ್ಕರ್ ಜಟಕಾದ ಪಟ್ಟಿ ಕಟ್ಟಿಸಿಕೊಳ್ಳಲಿಲ್ಲ. ಲಾಯದ ಕಲ್ಲುಗೋಡೆಗೆ ಹಗಲೆಲ್ಲ ಮೈ ಉಜ್ಜುತ್ತಿತ್ತು. ಗರ, ಗರ, ಗರ. ಗಾಯಕ್ಕೆ ಹುಳ ಬಿತ್ತು. ಹುರುಳಿ ಮುಟ್ಟುವುದು ಬಿಟ್ಟು ಹತ್ತನೇ ದಿನ ಮಧ್ಯಾಹ್ನ ಸತ್ತುಹೋಯಿತು.

ಆ ಹೊತ್ತಿಗೆ ಸರಿಯಾಗಿ ಲಕ್ಕಣ್ಣ ಹುಲ್ಲಿನ ಹೊರೆ ಹೊತ್ತು ಬಂದ. ಕಡೂರು ದಾರಿಯ ಹಳ್ಳಿಯವನು, ಸ್ಟೇಷನ್ನಿನ ಕುದುರೆಗಳಿಗೆಲ್ಲ ಅವನದೇ ಹುಲ್ಲು. ಹುಸೇನ್ ಸಾಬ್ ಅವನ ಹೆಗಲ ಮೇಲಿನ ವಸ್ತ್ರ ಹಿಡಿದು ಜಗ್ಗಿದ.

"ಏನು ತಂದು ಹಾಕಿದೆಯೋ ನನ್ನ ಕುದುರೆಗೆ? ಎಲ್ಲಿ ಕೊಯ್ದೆ?"

"ಯಾವಾಗ್ಲೂ ಕೊಯ್ಯೋ ಕೆರೆಯಂಗಳದ್ದೇ ಸಾಬ್ರೇ. ಮಿಕ್ಕ ಕುದ್ರೆಗಳೂ ಅದ್ನೇ ತಿಂದವಲ್ಲ."

"ನನಗೆ ಹಾಕಿದ ಹೊರೇಲಿ ವಿಷದ ಸೊಪ್ಪು ಸೇರಿತ್ತು. ಇನ್ನು ಈ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ."

ಖತೀಜಾಬಿ ಕುದುರೆಯ ಪಕ್ಕದಲ್ಲಿ ಕೂತು ಒದ್ದೆ ಬಟ್ಟೆಯಿಂದ ಅದರ ಹೊಟ್ಟೆ ಒರೆಸುತ್ತಿದ್ದಳು. ಕೊಳೆ ಹೋದ ಹಾಗೆ ಹುಣ್ಣು ಸ್ಪಷ್ಟವಾಗಿ ಕಂಡವು. ಉದ್ದುದ್ದ ಪಟ್ಟೆ. ಕೋಲು ಎಳೆದ ಕಡೆ ಹುಣ್ಣು, ಎಳೆಯದ ಕಡೆ ಒಳ್ಳೇ ಕೂದಲು. ನೊಣ ಸಾಲು ಹಿಡಿದು ಕಚ್ಚುವುದಿಲ್ಲ. ಅವಳ ಕೈ ನಿಂತಿತು. ಹೊರಗೆ ಲಕ್ಕಣ್ಣ ಚೆಲ್ಲಿದ ಹುಲ್ಲನ್ನು ಬಾಚಿ ಕಟ್ಟಿಕೊಂಡು ಹೋಗುವುದು ಕೇಳಿಸಿತು.

ಹುಸೇನ್ ಸಾಬ್ ಸ್ಟೇಷನ್ನಿನಲ್ಲಿ ಮೂಟೆ ಹೊರುವುದಕ್ಕೆ ಸೇರಿಕೊಂಡ. ಜಟಕಾದವರೆಲ್ಲ ಒಂದಾಗಿ ಲಕ್ಕಣ್ಣನ ಹುಲ್ಲು ಬೇಡವೆಂದರು. ಖತೀಜಾಬಿ ಆ ಕುಡಿಕೆಯನ್ನು ಸೌದೆಯ ಹಿಂದೆ ತಳ್ಳಿದಳು.

ಆಮೇಲೆ ಮಧ್ಯಾಹ್ನದ ಹೊತ್ತು, ಮನೆಯಲ್ಲಿ ಒಬ್ಬಳೇ ಇರುವಾಗ, ಲಾಯದಿಂದ ಸದ್ದು ಶುರುವಾಯಿತು. ಗರ, ಗರ. ಹೋಗಿ ನೋಡಿದರೆ ಖಾಲಿ ಲಾಯ. ಕಲ್ಲಿನ ಸಂದಿಯಲ್ಲಿ ಬಿಳೀ ಕೂದಲು ಸಿಕ್ಕಿಕೊಂಡಿರುತ್ತಿದ್ದವು. ಒಂದೊಂದಾಗಿ ಕಿತ್ತು ಒಲೆಗೆ ಹಾಕುತ್ತಿದ್ದಳು. ಮಾರನೇ ದಿನ ನೋಡಿದರೆ ಮತ್ತೆ ನಾಲ್ಕು ಕೂದಲು ಅಲ್ಲೇ. ಗಂಡನನ್ನು ಕೇಳಿದಳು, ಅವನಿಗೆ ಏನೂ ಕೇಳಿಸಿರಲಿಲ್ಲ. ಕೆಲವು ಸಲ ನೊಣ ಕೂರದಿದ್ದರೂ ತನ್ನ ಭುಜದ ಚರ್ಮ ಕುದುರೆಯದರ ಹಾಗೆ ಅದುರುವುದನ್ನು ನೋಡಿ, ಸೆರಗು ಹೊದ್ದು ಕೂತುಬಿಡುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಒಂದು ದಿನ ರೊಟ್ಟಿ ಮುರಿಯುತ್ತ ಹುಸೇನ್ ಸಾಬ್ ಹೇಳಿದ: "ಆ ಲಕ್ಕಣ್ಣ ಇನ್ನೂ ಬರ್ತಾನೆ ಕಣೇ. ಹುಣಸೆ ಮರದ ಕೆಳಗೆ ಹೊರೆ ಇಟ್ಕೊಂಡು ಸಂಜೆವರೆಗೂ ಕೂರ್ತಾನೆ. ಯಾರೂ ಮುಟ್ಟಲ್ಲ. ತಿರುಗಾ ಹೊತ್ಕೊಂಡು ಹೋಗ್ತಾನೆ. ಬರೋ ಸೋಮವಾರ ಹೆಂಡ್ತಿ ಜೊತೆ ಬೆಟ್ಟದ ಕಾಫಿ ತೋಟಕ್ಕೆ ಕೂಲಿಗೆ ಹತ್ತುತ್ತಾನಂತೆ. ತೊಲಗಲಿ."

ಆ ಕಾಲದಲ್ಲಿ ಬೆಟ್ಟ ಹತ್ತಿದ ಎಷ್ಟೋ ಜನ ಚಳಿಜ್ವರದಲ್ಲಿ ಅಲ್ಲೇ ಮಣ್ಣಾಗುತ್ತಿದ್ದರು. ಖತೀಜಾಬಿಗೆ ಅದು ಗೊತ್ತಿತ್ತು. ಬರೀ ಬಾಯಲ್ಲಿ ಹೇಳಿದರೆ ದುಃಖಕ್ಕೆ ಬುದ್ಧಿ ಕೆಟ್ಟಿದೆ ಅಂತಾರೆ, ಅದೂ ಗೊತ್ತಿತ್ತು. ಗುರುವಾರ ಗಂಡ ಹೊರಟ ಮೇಲೆ ಸೌದೆಯ ಹಿಂದಿನ ಕುಡಿಕೆ ತೆಗೆದು, ಅದೇ ಕೋಲಿನಿಂದ ಎಡಗೈ ಮೇಲೆ ಮೂರು ಗೆರೆ ಎಳೆದುಕೊಂಡಳು. ಶನಿವಾರ ಕೈ ಬಾತು ಮೂರು ಸಾಲು ಬೊಬ್ಬೆ ಎದ್ದವು. ಸೆರಗಿನೊಳಗೆ ಹಿಡಿದುಕೊಂಡೇ ಅಡಿಗೆ ಮಾಡಿ ಬಡಿಸಿದಳು.

ಭಾನುವಾರ ಬೆಳಿಗ್ಗೆ ರೈಲು ಬರುವ ಮುಂಚೆ, ಪರದೆ ಬಿಟ್ಟು ಹೊರಬರದ ಗೋಷಾ ಹೆಂಗಸು, ಜಟಕಾಗಳ ನಡುವೆ ಬಂದು ನಿಂತು ಕೈ ಚಾಚಿದಳು.

"ಇದು ನೊಣ ಕಚ್ಚಿದ್ದೋ, ಹುಲ್ಲು ತಿಂದದ್ದೋ, ನೋಡಿ ಹೇಳಿ" ಅಂದಳು. ಆಮೇಲೆ ಕರಿಗೇರಿನ ರಸದ ಸಂಗತಿ ಪೂರ್ತಿ ಹೇಳಿದಳು.

ಹುಸೇನ್ ಸಾಬ್ ಅವಳ ಕೈಯನ್ನೇ ನೋಡಿದ. ಕುದುರೆಯ ಹೊಟ್ಟೆಯ ಮೇಲಿದ್ದ ಪಟ್ಟೆಗಳನ್ನು ಅವನೂ ಕಂಡಿದ್ದವನೇ. ತಲೆಗೆ ವಸ್ತ್ರ ಸುತ್ತಿಕೊಂಡು ಸ್ಟೇಷನ್ನಿನೊಳಗೆ ಹೋದ. ಎರಡು ತಿಂಗಳು ಅವಳ ಜೊತೆ ಮಾತಾಡಲಿಲ್ಲ.

ಹುಣಸೆ ಮರದ ಕೆಳಗೆ ಕೂತಿದ್ದ ಲಕ್ಕಣ್ಣನ ಹುಲ್ಲು ಕೊಳ್ಳುವುದಕ್ಕೆ ಮೊದಲು ಎದ್ದವನು ವಹಾಬ್. ಸ್ವಲ್ಪ ಹೊತ್ತಿಗೆ ಲಕ್ಕಣ್ಣ ಹೊರೆ ಖಾಲಿಯಾಗಿ, ತಲೆಗಿಡುವ ಸಿಂಬಿ ಮಾತ್ರ ಕೈಯಲ್ಲಿ ಹಿಡಿದು ಅವಳ ಹತ್ತಿರ ಬಂದ. ಬೈಯಲಿ ಅಂತ ಅವಳು ತಲೆ ತಗ್ಗಿಸಿ ನಿಂತಳು.

"ಬೂವಮ್ಮ, ನಾನೇ ಕೊಂದೆ ಅಂತ ನಾನೂ ನಂಬ್ಕೊಂಡ್ಬಿಟ್ಟಿದ್ದೆ" ಅಂದ ಲಕ್ಕಣ್ಣ. "ಆವತ್ತು ಕೊಯ್ಯೋವಾಗ ಮಂಜಿತ್ತು. ಯಾವ ಸೊಪ್ಪು ಸೇರ್ತೋ ಏನೋ ಅಂತ. ಮಧ್ಯಾಹ್ನ ಒರಗಿದ್ರೆ ಅದು ಗೋಡೆಗೆ ಮೈ ಉಜ್ಜೋ ಸದ್ದು ಬರೋದು. ನಮ್ದು ತಡಿಕೆ ಮನೆ. ಕಲ್ಲುಗೋಡೆ ಎಲ್ಲೈತೆ ಹೇಳಿ. ಅದಕ್ಕೇ ಊರೇ ಬಿಡಾಣ ಅಂತಿದ್ದೆ."

ಖತೀಜಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಕೇಳಿದಳು, "ಇನ್ನು ಕೇಳಿಸಲ್ಲ ಅಂತೀಯೇನಪ್ಪಾ?"

ಲಕ್ಕಣ್ಣ ಸಿಂಬಿಯನ್ನು ಈ ಕೈಯಿಂದ ಆ ಕೈಗೆ ಹಾಕಿಕೊಂಡ.

"ಹೋಗಿ ಮಲಗಿ ನೋಡ್ಬೇಕು" ಅಂದ.