ಕೆಂಪು ಶಾಯಿ ಬಿದ್ದ ಸಮೀಕ್ಷೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಪದಗಳೂ ನನ್ನ ಹತ್ತಿರ ಹೆಚ್ಚಿಲ್ಲ. ಒಂದೊಂದು ಸಾಲನ್ನೂ ಅಳಿಸಿ ಅಳಿಸಿ ಬರೆದಿದ್ದೇನೆ, ಓದುವವರು ಸ್ವಲ್ಪ ಸುಧಾರಿಸಿಕೊಳ್ಳಬೇಕು. ಬರೆಯುತ್ತಿರುವುದು ನನ್ನ ದೊಡ್ಡಮ್ಮನ ಬಗ್ಗೆ, ನಾನಿರುವುದು ಅವಳ ಮನೆಯಲ್ಲೇ.

ದೊಡ್ಡಮ್ಮ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ. ಅದು ಹೊಟ್ಟೆಪಾಡು. ಅವಳ ಜೀವ ಇರುವುದು ಸಮಾಜ ವಿಜ್ಞಾನ ಶಿಕ್ಷಕರ ಸಂಘದ ಸಂಶೋಧನಾ ಸಮಿತಿಯಲ್ಲಿ. ಸಮಿತಿ ಎಂದಕೂಡಲೇ ಏನೇನೋ ಊಹಿಸಿಕೊಳ್ಳಬೇಡಿ. ಟೈಲರ್ ಅಂಗಡಿಯ ಮೇಲೆ ಸಂಘದ ಕಚೇರಿ, ಅದರ ಹಿಂದೊಂದು ಕೋಣೆ. ಕೋಣೆಯಲ್ಲಿ ಸ್ಟ್ಯಾಂಡಿನಿಂದ ಕಳಚಿಬಿದ್ದ ಗ್ಲೋಬು, ಸುರುಳಿ ಸುತ್ತಿದ ನಕ್ಷೆಗಳು, ಕುಂಟು ಮೇಜು, ಇಬ್ಬರು ಸದಸ್ಯರು. ಸಂಚಾಲಕಿ ದೊಡ್ಡಮ್ಮ. ಇನ್ನೊಬ್ಬರು ನಿವೃತ್ತರಾದ ನಕ್ಷೆ ಮೇಷ್ಟ್ರು. ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಏಳೂ ಖಂಡಗಳನ್ನು ಬಿಡಿಸುತ್ತಿದ್ದರೆಂದು ಅವರಿಗೆ ಆ ಹೆಸರು. ಕಣ್ಣು ಮುಚ್ಚಿಯೇ ಬಿಡಿಸಿದ್ದು ಎಂದು ನೋಡಿದವರಿಗೆಲ್ಲ ತಕ್ಷಣ ಗೊತ್ತಾಗುತ್ತಿತ್ತಂತೆ.

ಒಂದು ವರ್ಷ ಈ ಸಮಿತಿ, ಯಾವುದರ ಬಗ್ಗೆ ಸಂಶೋಧನೆ ಮಾಡಬೇಕು ಎಂಬುದರ ಬಗ್ಗೆ ಸಂಶೋಧನೆ ಮಾಡಿತು. ಮರುವರ್ಷ, ಆ ವರದಿಯನ್ನು ಯಾರೂ ಯಾಕೆ ಓದಲಿಲ್ಲ ಎಂಬುದರ ಬಗ್ಗೆ ಮಾಡಿತು. ಅದನ್ನೂ ಯಾರೂ ಓದಲಿಲ್ಲ.

ಸಂಘದ ಅಧ್ಯಕ್ಷರ ತಾಳ್ಮೆ ಮುಗಿಯಿತು. "ಮೇಡಂ, ಪ್ರವಾಸ ಸಮಿತಿಯವರು ಪಾಪ ಮೆಟ್ಟಿಲ ಮೇಲೆ ಕೂತು ಮೀಟಿಂಗ್ ಮಾಡ್ತಾರೆ. ಅವರು ವರ್ಷಕ್ಕೊಂದು ಬಸ್ಸಾದ್ರೂ ಹೊರಡಿಸ್ತಾರೆ. ನೀವು ಏನು ಹೊರಡಿಸಿದ್ರಿ? ವಾರ್ಷಿಕ ಸಭೆಗೆ ಒಂದು ಗಟ್ಟಿ ವರದಿ ತನ್ನಿ. ಇಲ್ಲಾಂದ್ರೆ ಕೋಣೆ ಅವರಿಗೆ, ಸಮಿತಿ ದೇವರಿಗೆ."

ಅಂದು ದೊಡ್ಡಮ್ಮ ಮನೆಗೆ ಬಂದವಳು ಚಪ್ಪಲಿ ಕಳಚುವುದನ್ನೂ ಮರೆತು ಅಡುಗೆಮನೆಗೆ ನುಗ್ಗಿದಳು. ಸಮಿತಿ ಹೋದರೆ ಹೋಗಲಿ ಎನ್ನುವ ಹಾಗಿರಲಿಲ್ಲ. ಪಾಠ ಶುರು ಮಾಡಿದ ಮೊದಲ ವರ್ಷದಿಂದ ಒಂದು ಪ್ರಶ್ನೆ ಅವಳ ಗಂಟಲಲ್ಲಿ ಮುಳ್ಳಾಗಿತ್ತು. ಅದನ್ನು ಎಲ್ಲ ಶಾಲೆಗಳ ಮಕ್ಕಳನ್ನೂ ಕೇಳಲು ಅವಳಿಗೆ ಆ ಸಮಿತಿ ಬಿಟ್ಟು ಬೇರೆ ದಾರಿಯೇ ಇರಲಿಲ್ಲ.

"ಸಮಾಜ ವಿಜ್ಞಾನದ ತರಗತಿಯಲ್ಲಿ ನಿನಗೆ ಯಾವಾಗ ಬೇಸರ ಬರುತ್ತದೆ? ಇದೇ ಈ ಸಲದ ಪ್ರಶ್ನೆ. ಹೇಗಿದೆ?" ಎಂದು ದೊಡ್ಡಪ್ಪನನ್ನು ಕೇಳಿದಳು.

"ಚೆನ್ನಾಗಿದೆ. ಮಕ್ಕಳನ್ನು ಯಾಕೆ ಕೇಳ್ತೀಯ, ನನ್ನನ್ನೇ ಕೇಳು. ಮದುವೆಯಾದಾಗಿಂದ ಆ ತರಗತೀಲೇ ಇದೀನಿ."

"ಹಿಂದಿನ ಬೆಂಚಿನವರ ಉತ್ತರ ಲೆಕ್ಕಕ್ಕಿಲ್ಲ, ಸುಮ್ನಿರಿ."

ಪ್ರಶ್ನೆಯ ಹಾಳೆಗಳು ಶಾಲೆ ಶಾಲೆಗೆ ಹೋದವು. ಮೇಲೆಯೇ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ಹೆಸರು ಬರೆಯಬೇಡಿ, ಮನಸ್ಸಿನಲ್ಲಿ ಇದ್ದದ್ದನ್ನು ಬರೆಯಿರಿ. ಹಂಚಿ, ಬರೆಸಿ, ಕಟ್ಟಿ ಕಳಿಸುವ ಕೆಲಸ ಆಯಾ ಶಾಲೆಯ ಶಿಕ್ಷಕರದ್ದು. ಕಟ್ಟುಗಳು ವಾಪಸು ಬಂದ ಭಾನುವಾರ ಇಬ್ಬರು ಸಂಶೋಧಕರೂ ಕುಂಟು ಮೇಜಿನ ಮುಂದೆ ಕೂತು ಮೊದಲ ಕಟ್ಟು ಬಿಚ್ಚಿದರು. ಬಿಚ್ಚಿದವರು ಮುಖ ಮುಖ ನೋಡಿಕೊಂಡರು.

ಹಾಳೆಗಳನ್ನೆಲ್ಲ ತಿದ್ದಿದ್ದರು. ಕೆಂಪು ಶಾಯಿಯಲ್ಲಿ.

ಒಬ್ಬ "ಯಾವಾಗಲೂ" ಎಂದು ಬರೆದಿದ್ದ. ಅದಕ್ಕೆ ಅಡ್ಡಗೆರೆ, ಪಕ್ಕದಲ್ಲಿ "ತಪ್ಪು. ಯಾವಾಗಲೂ ಇಲ್ಲ" ಎಂಬ ಸರಿಯುತ್ತರ. ಒಬ್ಬಳು, ಊಟ ಆದ ಮೇಲೆ ಸರ್ ದನಿ ಫ್ಯಾನಿನ ಸದ್ದಿನ ಜೊತೆ ಸೇರಿಹೋಗುತ್ತದೆ ಎಂದು ಬರೆದಿದ್ದಳು. ಅದರ ಕೆಳಗೆ "ಉದಾಹರಣೆ ಕೊಡು". ಒಂದು ಶಾಲೆಯಲ್ಲಿ ಹೆಸರು ಬರೆಯದ್ದಕ್ಕೆ ಎಲ್ಲರಿಗೂ ಅಂಕ ಕಳೆದಿದ್ದರು. ಇನ್ನೊಂದರಲ್ಲಿ ಪೋಷಕರ ಸಹಿ ಹಾಕಿಸಿದ್ದರು.

"ಮುಗೀತು. ನಮ್ಮ ಜನಕ್ಕೆ ಹಾಳೆ ಕೈಗೆ ಸಿಕ್ಕರೆ ಸಾಕು, ತಿದ್ದಿಬಿಡ್ತಾರೆ," ಎಂದು ದೊಡ್ಡಮ್ಮ ತಲೆಯ ಮೇಲೆ ಕೈಹೊತ್ತಳು.

ನಕ್ಷೆ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಮೇಡಂ, ಒಂದು ಮಾತು. ತಿದ್ದಿದ ಉತ್ತರಗಳನ್ನೇ ಎಣಿಸಿದ್ರೆ? ನೂರಕ್ಕೆ ತೊಂಬತ್ತು ಮಕ್ಕಳಿಗೆ ಬೇಸರವೇ ಇಲ್ಲ ಅಂತ ಬರುತ್ತೆ. ಅಧ್ಯಕ್ಷರು ಹಾರ ಹಾಕ್ತಾರೆ. ಕೋಣೆ ಉಳಿಯುತ್ತೆ. ಮುಂದಿನ ವರ್ಷ ಸರಿಯಾಗಿ ಮಾಡೋಣ."

ದೊಡ್ಡಮ್ಮ ಇಲ್ಲ ಎನ್ನಲಿಲ್ಲ. ಅದನ್ನು ಅವಳೇ ನನಗೆ ಹೇಳಿದಳು, ಅದಕ್ಕೇ ಬರೆಯುತ್ತಿದ್ದೇನೆ. ಎಣಿಸಲು ಶುರು ಮಾಡಿಯೂ ಬಿಟ್ಟಳು. ಆಮೇಲೆ ಅವಳದೇ ತರಗತಿಯ ಕಟ್ಟು ಕೈಗೆ ಬಂತು. ಇದೊಂದಾದರೂ ಸ್ವಚ್ಛವಾಗಿರುತ್ತದೆ ಎಂದು ಬಿಚ್ಚಿದಳು. ಮೂರನೆಯ ಹಾಳೆಯಲ್ಲಿ ಯಾರೋ "ಎಂದೂ ಇಲ್ಲ, ನಮ್ಮ ಮೇಡಂ ಚೆನ್ನಾಗಿ ಪಾಠ ಮಾಡುತ್ತಾರೆ" ಎಂದು ಬರೆದಿದ್ದರು. ಪಕ್ಕದಲ್ಲೇ ಅವಳದೇ ಕೈಯ ದುಂಡನೆಯ ಅಕ್ಷರ: "ತುಂಬಾ ಒಳ್ಳೆಯದು". ಯಾವಾಗ ಬರೆದಳೋ ಅವಳಿಗೇ ನೆನಪಿರಲಿಲ್ಲ.

"ಅಯ್ಯೋ, ನಾನೂನಾ!" ಎಂದಳಂತೆ.

"ನಾನು ನೋಡಿಲ್ಲ ಬಿಡಿ," ಎಂದರಂತೆ ಮೇಷ್ಟ್ರು, ನೋಡಿಕೊಂಡೇ.

ಎಣಿಕೆ ಅಲ್ಲಿಗೇ ನಿಂತಿತು.

ವಾರ್ಷಿಕ ಸಭೆಯಲ್ಲಿ ದೊಡ್ಡಮ್ಮ ಮೈಕಿನ ಮುಂದೆ ನಿಂತಾಗ ಪ್ರವಾಸ ಸಮಿತಿಯವರು ಕೋಣೆಯ ಅಳತೆ ತೆಗೆಯಲು ಟೇಪು ತಂದಿದ್ದರು. ಅವಳು ಮೊದಲು ಓದಿದ್ದು ತನ್ನದೇ ಹಾಳೆ, ತನ್ನದೇ ಶಾಯಿಯ ಸಮೇತ. ಸಭೆ ಬಿದ್ದು ಬಿದ್ದು ನಕ್ಕಿತು. ಆಮೇಲೆ ಶಾಲೆಗಳ ಹೆಸರು ಹೇಳದೆ ಉಳಿದವನ್ನು ಓದುತ್ತಾ ಹೋದಳು. ನಗು ಸಾಲು ಸಾಲಾಗಿ ಕಡಿಮೆಯಾಯಿತು. ಪೋಷಕರ ಸಹಿಯ ಮಾತು ಬಂದಾಗ ಮುಂದಿನ ಸಾಲಿನ ಒಬ್ಬರು ಬ್ಯಾಗಿನೊಳಗೆ ಏನನ್ನೋ ಹುಡುಕತೊಡಗಿದರು.

"ಮಕ್ಕಳಿಗೆ ಯಾವಾಗ ಬೇಸರ ಬರುತ್ತೆ ಅಂತ ನಮಗೆ ಗೊತ್ತಾಗಲಿಲ್ಲ," ಎಂದಳು ದೊಡ್ಡಮ್ಮ. "ಅವರು ಹೇಳೋಕೆ ನಾವು ಬಿಟ್ಟಿಲ್ಲ, ನಾನೂ ಸೇರಿ. ಇಷ್ಟೇ ನಮ್ಮ ಸಂಶೋಧನೆ."

ಅಧ್ಯಕ್ಷರು ಎದ್ದರು. "ಎಲ್ಲರನ್ನೂ ಒಂದೇ ತಕ್ಕಡೀಲಿ ತೂಗಬೇಡಿ ಮೇಡಂ. ನಮ್ಮ ಶಾಲೆಯ ಕಟ್ಟಿನಲ್ಲಿ ಒಂದಾದ್ರೂ ತಿದ್ದುಪಡಿ ಇತ್ತಾ?"

"ಇರಲಿಲ್ಲ ಸರ್."

"ನೋಡಿದ್ರಾ? ಹೇಗಿರುತ್ತೆ? ಉತ್ತರ ನಾನೇ ಬೋರ್ಡ್ ಮೇಲೆ ಬರೆದು ಕೊಟ್ಟಿದ್ದೆ!"

ನಿಂತಿದ್ದ ನಗು ಈಗ ಚಾವಣಿ ಹಾರಿಸಿತು. ಅಧ್ಯಕ್ಷರ ಮುಖ ಮೊದಲು ಏನೂ ಅರ್ಥವಾಗದೆ, ಆಮೇಲೆ ಎಲ್ಲವೂ ಅರ್ಥವಾಗಿ, ಕೆಂಪಾಯಿತು. ಈ ವರದಿ ಅಚ್ಚಾಗದಂತೆ ತಡೆಯಲು ಅವರಿಗೆ ಉಳಿದದ್ದು ಒಂದೇ ದಾರಿ. ಸಮೀಕ್ಷೆಯನ್ನು ಮೊದಲಿನಿಂದ ಮತ್ತೆ ಮಾಡಬೇಕು, ಅಲ್ಲಿಯವರೆಗೆ ಸಮಿತಿ ಹಾಗೂ ಕೋಣೆ ಇದ್ದಲ್ಲೇ ಇರಬೇಕು ಎಂದು ಅವರೇ ಠರಾವು ಮಂಡಿಸಿದರು. ಪ್ರವಾಸ ಸಮಿತಿಯವರು ಟೇಪು ಸುತ್ತಿಕೊಂಡು ಮೆಟ್ಟಿಲಿಗೆ ಹೋದರು. ಠರಾವಿಗೆ ದೊಡ್ಡಮ್ಮ ಒಂದೇ ಒಂದು ಷರತ್ತು ಸೇರಿಸಿದಳು: ಹಾಳೆ ಹಂಚುವವರು ಮೇಷ್ಟ್ರಾಗಿರಬಾರದು, ಮೇಷ್ಟ್ರಾಗುವ ಲಕ್ಷಣವೂ ಇರಬಾರದು.

ಅಂಥವರನ್ನು ಹುಡುಕಲು ಅವಳು ದೂರ ಹೋಗಲಿಲ್ಲ. ಮನೆಗೆ ಬಂದು ನನ್ನ ಮುಂದೆ ಕೂತಳು. "ನೀನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಹೊಸಬರ ಹತ್ತಿರ ಬಾಯೇ ಬಿಡಲ್ಲ. ನಿನಗಿಂತ ಯೋಗ್ಯರು ಯಾರಿದಾರೆ?"

"ಹೊಗಳಿಕೆಯೋ ಬೈಗುಳವೋ ಅದು?" ಎಂದರು ದೊಡ್ಡಪ್ಪ ಪೇಪರಿನ ಹಿಂದಿನಿಂದ.

"ನೇಮಕಾತಿ," ಎಂದಳು ದೊಡ್ಡಮ್ಮ.

ಸೋಮವಾರ ಬೆಳಿಗ್ಗೆ ನಾನು ಅಧ್ಯಕ್ಷರ ಶಾಲೆಗೆ ಹೋಗಿ ಹಾಳೆಗಳನ್ನು ಹಂಚುತ್ತೇನೆ, ಮಕ್ಕಳು ಬರೆದು ಮುಗಿಸುವವರೆಗೆ ಬಾಗಿಲ ಹೊರಗೆ ನಿಂತಿರುತ್ತೇನೆ.