ಬಿಕ್ಕಲಂ ಸೋಮಲಿಂಗಪ್ಪ

ಬೆಳಗಿನ ಆರು ಗಂಟೆ. ವಿಜಯನಗರದ ಬಸ್ ನಿಲ್ದಾಣದ ಪಕ್ಕದ ಹೊಂಗೆ ಮರದಡಿ ಸೋಮಲಿಂಗಪ್ಪ ಚಾಪೆ ಹಾಸಿ, ತೊಡೆಯ ಮೇಲೆ ರಟ್ಟಿಟ್ಟುಕೊಂಡು ಕುಳಿತಿದ್ದಾರೆ. ಮೊದಲ ಪಾಳಿಗೆ ಹೊರಟ ಕಾರ್ಖಾನೆಯವರು ರಜಾ ಅರ್ಜಿ ಬರೆಸಿಕೊಳ್ಳಲು ಬರುವ ಹೊತ್ತಿದು. ಇವತ್ತು ಮಾತ್ರ ಅವರ ಮುಂದಿನ ಹಾಳೆಯಲ್ಲಿ ‘ಮಾನ್ಯರೇ’ ಎಂಬುದರ ಕೆಳಗೆ ಒಂದಕ್ಷರವೂ ಇಲ್ಲ. ಅದು ಅವರದೇ ಅರ್ಜಿ.

ಮೂಡಲಪಾಳ್ಯದ ಹೊಸ ಖಾಸಗಿ ಹೈಸ್ಕೂಲಿಗೆ ಗುಮಾಸ್ತರು ಬೇಕಾಗಿದ್ದಾರೆ. ಸ್ವವಿವರದ ಸಮೇತ ಅರ್ಜಿ ಇವತ್ತು ಹತ್ತು ಗಂಟೆಯೊಳಗೆ ತಲುಪಬೇಕು. ನಲವತ್ತೆಂಟರ ಸೋಮಲಿಂಗಪ್ಪನವರ ಮಂಡಿ ಮಡಚಿ ಮಡಚಿ ಸೋತಿದೆ. “ಕುರ್ಚಿ ಮೇಲೆ ಕೂತು ಬರೀಬೇಕು ಸಾರ್, ಅಷ್ಟೇ ಆಸೆ,” ಎಂದು ಈ ವರದಿಗಾರನಿಗೆ ಹೇಳುತ್ತಾರೆ.

ಚಿತ್ರದುರ್ಗದ ಕಡೆಯಿಂದ ಬಂದು ರಾಜಾಜಿನಗರದ ಮುದ್ರಣಾಲಯವೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಅದು ಮುಚ್ಚಿದ ಮೇಲೆ, ಎಪ್ಪತ್ತೆರಡನೇ ಇಸವಿಯಲ್ಲಿ, ಈ ಮರದ ನೆರಳು ಹಿಡಿದರು. ಹದಿನಾಲ್ಕು ವರ್ಷದಿಂದ ದಿನಕ್ಕೆ ಹದಿನೈದು ಇಪ್ಪತ್ತು ಕಾಗದ. ರಜೆ ಚೀಟಿಯಾದರೂ ಸರಿ, ಹಳೆಯ ಪತ್ರಗಳ ಪದ್ಧತಿಯಂತೆ ಎಡಮೂಲೆಯಲ್ಲಿ ‘ಬಿಕ್ಕಲಂ: ಸೋಮಲಿಂಗಪ್ಪ’ ಎಂದು ಹಾಕಲೇಬೇಕು. ಅದು ಬರೆದವನ ಸಹಿ. ಕೆಲವರು ಅದನ್ನೇ ಮನೆತನದ ಹೆಸರೆಂದು ತಿಳಿದು ‘ಬಿಕ್ಕಲಪ್ಪೋರೇ’ ಎಂದು ಕರೆಯುವುದೂ ಉಂಟು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿತ್ತಂತೆ. ಒಂದು ವಾರದಲ್ಲಿ ಇವರು ಏಳು ಹಾಳೆ ಹರಿದಿದ್ದಾರೆ. “ನಾನು ನಿಷ್ಠಾವಂತ ಅಂತ ಬರೆದೆ, ನಗು ಬಂತು. ಬೇರೆಯವರಿಗಾದ್ರೆ ಕಣ್ಮುಚ್ಚಿ ಬರೀತೀನಿ. ನಾನು ಕೇಳ್ತೀನಿ, ಅವರು ಹೇಳ್ತಾರೆ. ನನ್ನ ಕೇಳೋರ್ಯಾರು?” ನಿನ್ನೆಯಂತೂ ಹೆಸರು, ವಿಳಾಸ, ಎರಡು ಸಾಲು ಗೀಚಿ, ರೂಢಿಯಂತೆ ಬಿಕ್ಕಲಂ ಹಾಕಿ, ‘ಅರ್ಜಿದಾರರ ಸಹಿ’ಯ ಜಾಗ ಖಾಲಿ ಬಿಟ್ಟು, ಸಹಿ ಮಾಡುವವರು ಬರಲೆಂದು ಕಾಯುತ್ತ ಕುಳಿತಿದ್ದರಂತೆ!

ಪಕ್ಕದಲ್ಲಿ ಹೂ ಕಟ್ಟುವ ಮುನಿತಾಯಮ್ಮ ಓದು ಬರಹ ಕಲಿತವರಲ್ಲ. ಆದರೆ ಈ ಒದ್ದಾಟವನ್ನು ಅವರಿಂದ ಇನ್ನು ನೋಡಲಾಗುವುದಿಲ್ಲ. ಮೊಗ್ಗಿನ ಬುಟ್ಟಿ ಸರಿಸಿ ಗಿರಾಕಿಯಂತೆ ಎದುರಿಗೆ ಕೂರುತ್ತಾರೆ.

“ಬರ್ಕೊಳ್ಳಿ ಅಣ್ಣ, ನಿಮ್ಮ ವಿಷ್ಯ ನಾನು ಹೇಳ್ತೀನಿ. ನನ್ನ ಪಿಂಚಣಿ ಅರ್ಜಿ ಮೂರು ಸಲ ವಾಪಸ್ ಬಂತು. ನಾಲ್ಕನೇ ಸಲಾನೂ ಇವ್ರು ಬೇಜಾರಿಲ್ದೆ ಬರೆದ್ಕೊಟ್ರು. ಹಾಕಿ.”

“ಇದನ್ನೆಲ್ಲ ಹಾಕ್ತಾರೇನಮ್ಮ?”

“ನೀವು ಬರೆಯೋರು, ನಾನು ಹೇಳೋಳು. ಸುಮ್ನೆ ಬರೀರಿ. ಯಾರ ಮನೆ ಗುಟ್ಟೂ ಇವ್ರ ಬಾಯಿಂದ ಆಚೆ ಬಂದಿಲ್ಲ. ಜ್ವರ ಬಂದ ದಿನಾನೂ ಆರಕ್ಕೆ ಚಾಪೆ ಹಾಸಿರ್ತಾರೆ. ಅದನ್ನೂ ಹಾಕಿ.”

ಪೆನ್ನು ಓಡತೊಡಗುತ್ತದೆ. ಆಕೆ ‘ಇವ್ರು’ ಎಂದಲ್ಲೆಲ್ಲ ಸೋಮಲಿಂಗಪ್ಪ ‘ನಾನು’ ಎಂದು ಬರೆದುಕೊಳ್ಳುತ್ತಾರೆ. ನಡುವೆ ಒಮ್ಮೆ ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಾರೆ. ಎಂಟೂವರೆಗೆ ಅರ್ಜಿ ಮುಗಿದು, ಬಲಮೂಲೆಯಲ್ಲಿ ಅರ್ಜಿದಾರರ ಸಹಿಯೂ ಬೀಳುತ್ತದೆ. ಎಡಮೂಲೆಯಲ್ಲಿ ‘ಬಿಕ್ಕಲಂ’ ಎಂದು ಬರೆದವರು ಕೈ ತಡೆದು, ಹೆಬ್ಬೆಟ್ಟಿನ ಶಾಯಿಯ ಡಬ್ಬಿಯನ್ನು ಮುನಿತಾಯಮ್ಮನ ಮುಂದೆ ಹಿಡಿಯುತ್ತಾರೆ.

“ಅಯ್ಯೋ, ನಾನು ಅಕ್ಷರ ಬರದೋಳು ಕಣಣ್ಣ!”

“ಹೇಳಿ ಬರೆಸಿದ್ದು ಯಾರಮ್ಮ? ಒತ್ತಿ.”

ಕೆಲಸ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಮೂಡಲಪಾಳ್ಯದ ಹಾದಿ ಹಿಡಿದ ಸೋಮಲಿಂಗಪ್ಪ ಹಾಳೆಯನ್ನು ಮಡಚದೆ, ಎರಡೂ ಕೈಯಲ್ಲಿ ಹಿಡಿದು ನಡೆಯುತ್ತಿದ್ದಾರೆ. “ಶಾಯಿ ಒಣಗಲಿ ಸಾರ್. ಕೆಲಸ ಕೊಡಲ್ಲ ಅಂದ್ರೆ, ಈ ಹಾಳೆ ಮಾತ್ರ ವಾಪಸ್ ಕೊಡಿ ಅಂತ ಕೇಳ್ತೀನಿ.”