ಜೀಪಿಗೆ ಹಿಡಿಸದ ಡ್ರೈವರ್

ಶಿರಸಿಯಲ್ಲಿ ನಾನು ಹಲ್ಲಿನ ಡಾಕ್ಟರು. ಕ್ಲಿನಿಕ್ಕಿಗೆ ರಜೆ ಇರುವ ಭಾನುವಾರಗಳಲ್ಲಿ ಪ್ಲಾಸ್ಟಿಕ್ ಮಾಡೆಲ್ ಕಿಟ್‌ಗಳನ್ನು ಜೋಡಿಸುವುದು ನನ್ನ ಹುಚ್ಚು. ಕಳೆದ ವರ್ಷ ತರಿಸಿದ್ದು ಹಳೇ ಜೀಪು, ಅಸಲಿಯ ಮೂವತ್ತೈದರಲ್ಲೊಂದು ಪಾಲಿನದು. ಈ ಹುಚ್ಚಿನವರು ಸ್ಕೇಲ್ ಎನ್ನುವುದು ಈ ಲೆಕ್ಕಕ್ಕೇ. ಎಡಕ್ಕಿದ್ದ ಸ್ಟೀರಿಂಗನ್ನು ಬಲಕ್ಕೆ ಬದಲಾಯಿಸಿ, ಚಕ್ರಕ್ಕೆ ಯಲ್ಲಾಪುರ ರಸ್ತೆಯ ಕೆಂಪು ಧೂಳಿನ ಬಣ್ಣ ಬಳಿದೆ. ಥೇಟ್ ನಮ್ಮನೆ ಜೀಪೇ!

ಆಮೇಲೆ ಕಿಟ್ಟಿನ ಜೊತೆಗೇ ಬಂದಿದ್ದ ಡ್ರೈವರನನ್ನು ಕೂರಿಸಹೋದೆ. ಆಸಾಮಿ ಕೂರಲೇ ಇಲ್ಲ. ಮೊಣಕಾಲು ಸ್ಟೀರಿಂಗಿಗೆ ತಾಗುತ್ತಿತ್ತು, ಅಂಗೈ ಸೌಟಿನಷ್ಟು ಅಗಲ. ಪಕ್ಕದಲ್ಲಿ ನಿಲ್ಲಬೇಕಾದ ಇನ್ನೊಬ್ಬನನ್ನು ವರ್ನಿಯರ್‌ನಲ್ಲಿ ಅಳೆದು ಲೆಕ್ಕ ಹಾಕಿದೆ. ನಿಜದ ಅಳತೆಗೆ ತಂದರೆ ಆರಡಿ ಎಂಟಿಂಚು!

ಹೆಂಡತಿ ಬಗ್ಗಿ ನೋಡಿ ನಕ್ಕಳು. "ಇಂವ ಜೀಪು ಹೊಡಿತ್ನಿಲ್ಲೆ, ಹೆಗಲ ಮೇಲೆ ಹೊತ್ಕಂಡು ಹೋಗ್ತ."

ಸಿದ್ದಾಪುರದಲ್ಲಿ ಮೇಷ್ಟರಾಗಿರುವ ಗೆಳೆಯರಿಗೂ ಇದೇ ಹುಚ್ಚು. ಫೋನ್ ಮಾಡಿದೆ.

"ಕಿಟ್ಟಲ್ಲಿ ಬರೋ ಮನುಷ್ಯರೇ ಹಂಗೆ ಡಾಕ್ಟ್ರೇ. ಗಾಡಿಗೆ ಪಟ್ಟ ಶ್ರಮದಲ್ಲಿ ಕಾಲು ಭಾಗನೂ ಅವರಿಗೆ ಪಡೋದಿಲ್ಲ. ನಾನಂತೂ ಖಾಲಿ ಬಿಡ್ತೀನಿ," ಎಂದರು.

ನನಗೆ ಮನಸ್ಸೊಪ್ಪಲಿಲ್ಲ. ಅಂಗಳದಲ್ಲಿ ನಿಂತಿದ್ದ ನಿಜವಾದ ಜೀಪಿನ ಕಡೆ ಕಣ್ಣು ಹೋಯಿತು. ಅದನ್ನು ಓಡಿಸುವವಳು ನನ್ನ ಹೆಂಡತಿ. ಯಲ್ಲಾಪುರದ ತವರಿಗೂ ಅದರಲ್ಲೇ ಹೋಗುತ್ತಾಳೆ. ಡ್ರೈವರ್ ಮನೆಯಲ್ಲೇ ಇದ್ದಾಳಲ್ಲ!

"ಬಾರೆ, ಜೀಪಲ್ಲಿ ಕೂತ್ಕ," ಎಂದೆ.

"ಎಲ್ಲಿಗೆ ಹೋಗವು?"

"ಎಲ್ಲಿಗೂ ಇಲ್ಲೆ. ನಿನ್ನ ಅಳತೆ ತಗಳವು."

ದರ್ಜಿ ಟೇಪು ಹಿಡಿದು ಸೀಟಿನಿಂದ ನೆತ್ತಿಯವರೆಗೆ, ಭುಜದಿಂದ ಮೊಣಕೈಯವರೆಗೆ ಅಳೆದೆ. ಎಲ್ಲವನ್ನೂ ಮೂವತ್ತೈದರಿಂದ ಭಾಗಿಸಿದಾಗ, ಕೂತ ಹೆಂಡತಿ ಹೆಬ್ಬೆರಳ ಮೇಲಿನ ಗೆಣ್ಣಿಗಿಂತ ಚಿಕ್ಕವಳಾದಳು. ಮೇಣದಲ್ಲಿ ಹಲ್ಲು ಕೆತ್ತಲು ಕಲಿತ ವಿದ್ಯೆ ಇದಕ್ಕಾದರೂ ಬರಲಿ ಎಂದು ತಂತಿಯ ಎಲುಬಿಗೆ ಪುಟ್ಟಿ ಮೆತ್ತಿ, ಹಲ್ಲು ಶೋಧಿಸುವ ಸೂಜಿಯಿಂದ ಮುಖ ತಿದ್ದಿದೆ. ತೆಳು ಕಾಗದವನ್ನು ಅಂಟಿನಲ್ಲಿ ನೆನೆಸಿ ಸೀರೆ ಉಡಿಸಿದೆ.

ಮೊದಲ ಮುಖ ನೋಡಿ ಅವಳು ಕೇಳಿದಳು, "ಇದೆಂತ, ಯಂಗೆ ಬುದ್ಧಿಹಲ್ಲು ಬಾತ್ಕಂಡಿದ್ದಾ?"

ಕೆನ್ನೆ ಕೆರೆದು ಮತ್ತೆ ಕೂತೆ. ಎರಡನೆಯದಕ್ಕೆ ಮೂಗೇ ಮುರಿಯಿತು. ಮೂರನೆಯದು ಸೀಟಿನಲ್ಲಿ ಸಲೀಸಾಗಿ ಕೂತಿತು. ಪಾದ ಕ್ಲಚ್ಚಿಗೆ ಸಿಕ್ಕಿತು, ಬೆರಳು ಸ್ಟೀರಿಂಗನ್ನು ಹಿಡಿಯಿತು! ಕೂಗಿಯೇಬಿಟ್ಟೆ. ಅವಳು ಒಲೆ ಆರಿಸಿ ಓಡಿ ಬಂದಳು. ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ, "ಇಷ್ಟು ಸಣ್ಣಕ್ಕಾದ್ರೂ ಆನು ಗತ್ತಲ್ಲೇ ಕೂತಿದ್ನಲಿ," ಎಂದಳು.

ಮುಂದಿನ ಭಾನುವಾರ ಅವಳೇ ಜೀಪು ಓಡಿಸಿದಳು. ನಾನು ತೊಡೆಯ ಮೇಲೆ ಸಣ್ಣ ಜೀಪಿನ ಡಬ್ಬಿ ಇಟ್ಟುಕೊಂಡು, ತಿರುವು ಬಂದಾಗಲೆಲ್ಲ ಉಸಿರು ಬಿಗಿಹಿಡಿದು ಸಿದ್ದಾಪುರ ತಲುಪಿದೆ. ನಾನು ಮೊದಲು ಒಳಗೆ ಹೋಗಿ, ಸಣ್ಣ ಜೀಪನ್ನು ಡಬ್ಬಿಯಿಂದ ತೆಗೆದು ಮೇಜಿನ ಮೇಲಿಟ್ಟೆ. ಮೇಷ್ಟರು ಕನ್ನಡಕ ಏರಿಸಿ ಬಗ್ಗಿದರು. ಮುಖದ ಕಡೆ ನೋಡಲೂ ಇಲ್ಲ. ಹೊರಕ್ಕೆ ಚಾಚಿದ ಮೊಣಕೈ, ಒಂದು ಕಡೆ ವಾಲಿದ ಭುಜ ಕಂಡದ್ದೇ ತಡ, "ಅಯ್ಯೋ, ಇದು ನಿಮ್ಮನೆಯವರು!" ಎಂದು ಎದ್ದೇಬಿಟ್ಟರು.

ಆಗ ನನಗಾದ ಖುಷಿ ಎಷ್ಟೆಂದರೆ ಕೊಟ್ಟ ಚಹಾ ಆರಿಹೋದದ್ದೂ ತಿಳಿಯಲಿಲ್ಲ. ಮೇಷ್ಟರು ಅಷ್ಟರಲ್ಲಿ ಒಳಗಿನಿಂದ ತಮ್ಮ ಖಾಲಿ ಸ್ಕೂಟರಿನ ಮಾಡೆಲ್ ತಂದು ಮುಂದಿಟ್ಟು, ಕುರ್ಚಿಯ ಮೇಲೆ ಎರಡೂ ಕೈ ಚಾಚಿ, ಸ್ಕೂಟರ್ ಹಿಡಿದವರ ಹಾಗೆ ಕೂತುಬಿಟ್ಟಿದ್ದರು.

"ಅಳೀರಿ ಡಾಕ್ಟ್ರೇ. ಹೊಟ್ಟೆ ಮಾತ್ರ ಸ್ವಲ್ಪ ಕಮ್ಮಿ ಹಿಡೀರಿ."

"ಹಂಗೆಲ್ಲ ಇಲ್ಲೆ. ಸ್ಕೇಲ್ ಅಂದ್ರೆ ಸ್ಕೇಲು," ಎನ್ನುತ್ತಾ, ಜೀಪು ನಿಲ್ಲಿಸಿ ಒಳಬಂದಿದ್ದ ನನ್ನ ಹೆಂಡತಿ ಚೀಲದಿಂದ ಟೇಪು ತೆಗೆದು ಬಿಚ್ಚಿದಳು.